ಮೊದಲು ಬಾಗಿಲು ತೆಗೆಯಿರಿ, ಆಮೇಲೆ ಸಾವಿನ ಮಾತು

ಕೈದಿಗಳ ಸಾಯುವ ಹಕ್ಕಿನ ಬಗ್ಗೆ ಶಿವಮೊಗ್ಗದಲ್ಲಿ ಕಾನೂನು ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಎದುರು ವಕೀಲೆಯೊಬ್ಬರು ಆಡಿದ ಮಾತುಗಳ ಬರಹ ರೂಪ

ಸೋಗಾನೆಗೆ ನಮ್ಮ ಜನ ಎರಡು ಕಾರಣಕ್ಕೆ ಹೋಗುತ್ತಾರೆ. ಒಂದು ವಿಮಾನ ಹತ್ತೋಕೆ, ಇನ್ನೊಂದು ಜೈಲಿನಲ್ಲಿರುವವರನ್ನು ನೋಡೋಕೆ. ವಿಮಾನ ನಿಲ್ದಾಣ ಬಂದದ್ದು 2023ರಲ್ಲಿ. ಅದಕ್ಕೆ ಮುಂಚೆ "ಅವನು ಸೋಗಾನೆಯಲ್ಲಿದ್ದಾನೆ" ಅಂದರೆ ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಊರೊಳಗಿದ್ದ ಹಳೇ ಜೈಲಿನ ಕಥೆ ಬೇರೆ. ಆ ಜಾಗ ಈಗ ಮೈದಾನ. ಜೈಲು ಬಯಲಾಯಿತು, ಬಯಲಿಗೆ ನಮ್ಮ ಬಳ್ಳಿಗಾವಿಯ ಅಲ್ಲಮನ ಹೆಸರು ಬಂತು. ಯಾರು ಯೋಚಿಸಿ ಇಟ್ಟರೋ, ಹೆಸರಂತೂ ಚೆನ್ನಾಗಿ ಹೊಂದಿಕೊಂಡಿದೆ.

ಇವತ್ತು ನಾನು ಮಾತಾಡಬೇಕಾದ ವಿಷಯ ಕೇಳಿ ಪರಿಚಯದ ವೈದ್ಯರೊಬ್ಬರು ಫೋನ್ ಮಾಡಿದ್ದರು. "ಏನ್ ಮೇಡಂ, ಬದುಕಿರೋ ಕೈದಿಗೆ ಹೊತ್ತಿಗೆ ಸರಿಯಾಗಿ ಔಷಧಿ ಸಿಗೋದೇ ಕಷ್ಟ. ನೀವು ಅವನ ಸಾಯೋ ಹಕ್ಕಿನ ಬಗ್ಗೆ ಭಾಷಣ ಮಾಡ್ತೀರಲ್ಲ" ಎಂದರು. ಅವರು ತಮಾಷೆಗೆ ಹೇಳಿದ್ದರು. ಆದರೆ ನನ್ನ ಇಡೀ ಮಾತು ಆ ಒಂದು ವಾಕ್ಯದ ಸುತ್ತಲೇ ಇದೆ. ಔಷಧಿ ಸಿಗದವನು ಸಾವು ಕೇಳಿದರೆ ಅವನು ನಿಜಕ್ಕೂ ಕೇಳುತ್ತಿರುವುದು ಏನನ್ನು? ಹಾಗಂತ, ಎಲ್ಲ ಔಷಧಿ ಸಿಕ್ಕಿದ ಮೇಲೂ ಕೇಳಿದರೆ, ಕೈದಿ ಎಂಬ ಒಂದೇ ಕಾರಣಕ್ಕೆ ನಾವು ಬೇಡ ಅನ್ನಬಹುದಾ?

ಮೊದಲು ನಮ್ಮ ದೇಶದ ಕಾನೂನು ಎಲ್ಲಿದೆ ಅಂತ ಬೇಗ ಹೇಳಿಬಿಡುತ್ತೇನೆ. ಕಾನೂನು ವಿದ್ಯಾರ್ಥಿಗಳಿಗೆ ಇದು ಗೊತ್ತಿರುತ್ತದೆ, ನರ್ಸಿಂಗ್‌ನವರಿಗಾಗಿ ಹೇಳುತ್ತಿದ್ದೇನೆ. ಭಾರತದಲ್ಲಿ ವೈದ್ಯರು ಇಂಜೆಕ್ಷನ್ ಕೊಟ್ಟು ಸಾಯಿಸುವಂತಿಲ್ಲ. ಸಾಯಲು ನೆರವಾಗುವಂತೆಯೂ ಇಲ್ಲ. ಅದು ಆತ್ಮಹತ್ಯೆಗೆ ಪ್ರಚೋದನೆ ಆಗುತ್ತದೆ, ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಗುಣವಾಗುವ ಆಸೆ ಇಲ್ಲದಾಗ ವೆಂಟಿಲೇಟರ್‌ನಂಥ ಚಿಕಿತ್ಸೆ ಬೇಡ ಅನ್ನಬಹುದು. ಅದನ್ನು ಮುಂಚೆಯೇ ಬರೆದಿಡಬಹುದು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಇದನ್ನು 2018ರ ಮಾರ್ಚ್‌ನಲ್ಲಿ ಒಪ್ಪಿದರು. 2023ರ ಜನವರಿಯಲ್ಲಿ ವಿಧಾನವನ್ನು ಸ್ವಲ್ಪ ಸುಲಭ ಮಾಡಿದರು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಇದಕ್ಕಾಗಿ ವರ್ಷಗಟ್ಟಲೆ ಓಡಾಡಿದವರು ಪಕ್ಕದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ.

ಈ ಕಾನೂನಿನ ಬುಡಕ್ಕೆ ಹೋದರೆ ಸಿಗುವವರೂ ನಮ್ಮ ಕಡೆಯವರೇ. ಅರುಣಾ ಶಾನಭಾಗ್ ಹೊನ್ನಾವರದ ಹತ್ತಿರದ ಹಳದೀಪುರದವರು. ನಮ್ಮ ಸಾಗರದಿಂದ ಘಟ್ಟ ಇಳಿದರೆ ಅವರ ಊರು. ಮುಂಬೈಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ಆಸ್ಪತ್ರೆಯಲ್ಲೇ ಕೆಲಸದಲ್ಲಿದ್ದವನೊಬ್ಬ ಅವರ ಮೇಲೆ ದಾಳಿ ಮಾಡಿದ. ಮೆದುಳಿಗೆ ಪೆಟ್ಟಾಗಿ 2015ರವರೆಗೆ, ಅಂದರೆ ನಲವತ್ತೊಂದು ವರ್ಷಕ್ಕೂ ಜಾಸ್ತಿ ಹಾಸಿಗೆಯಲ್ಲಿದ್ದರು. ದಾಳಿ ಮಾಡಿದವನು ಏಳು ವರ್ಷ ಶಿಕ್ಷೆ ಮುಗಿಸಿ ಮನೆಗೆ ಹೋದ. ಅವರಿಗೆ ದಯಾಮರಣ ಕೊಡಿ ಎಂಬ ಅರ್ಜಿ ಬಂದಾಗ, ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸ್‌ಗಳು ಬೇಡ ಎಂದರು. 2011ರಲ್ಲಿ ಕೋರ್ಟು ಆ ಅರ್ಜಿಯನ್ನು ತಳ್ಳಿಹಾಕಿತು. ಆದರೆ ಅದೇ ತೀರ್ಪಿನಲ್ಲಿ ಬೇರೆಯವರಿಗೆ ದಾರಿ ತೆರೆಯಿತು. ನರ್ಸಿಂಗ್ ಓದುತ್ತಿರುವವರು ಆ ತೀರ್ಪನ್ನು ಒಮ್ಮೆ ಓದಿ. ನಿಮ್ಮ ವೃತ್ತಿಯವರ ಮಾತಿಗೆ ಕೋರ್ಟು ಅಷ್ಟು ಬೆಲೆ ಕೊಟ್ಟದ್ದು ಅಪರೂಪ.

ಹಾಗಾಗಿ ಕೈದಿ ಸಾಯಲು ನೆರವು ಕೇಳುವ ಪ್ರಶ್ನೆ ಸದ್ಯಕ್ಕೆ ನಮ್ಮದಲ್ಲ, ಹೊರಗಿನದು. ಹೊರಗೆ ಏನಾಯಿತು ಅಂತ ನೋಡೋಣ. ಅಲ್ಲಿ ಒಂದು ಪ್ರಕರಣ ನನ್ನನ್ನು ತುಂಬಾ ಕಾಡಿದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಲ್ಜಿಯಂ ದೇಶ 2002ರಲ್ಲಿ ದಯಾಮರಣಕ್ಕೆ ಕಾನೂನು ಮಾಡಿತು. ದೇಹದ ನೋವಷ್ಟೇ ಅಲ್ಲ, ಸಹಿಸಲಾಗದ ಮಾನಸಿಕ ಯಾತನೆಗೂ ಅಲ್ಲಿ ಅವಕಾಶ ಇದೆ. ಅಲ್ಲಿ ಫ್ರಾಂಕ್ ವಾನ್ ಡೆನ್ ಬ್ಲೀಕೆನ್ ಎಂಬ ಬಂಧಿ ಇದ್ದ. ಅತ್ಯಾಚಾರ, ಕೊಲೆ ಮಾಡಿದವನು. ಮಾನಸಿಕ ಅಸ್ವಸ್ಥ ಎಂದು ಕೋರ್ಟು ತೀರ್ಮಾನಿಸಿತ್ತು. ಹಾಗಾಗಿ ಅವನಿಗೆ ಇಷ್ಟು ವರ್ಷ ಎಂಬ ಶಿಕ್ಷೆ ಇರಲಿಲ್ಲ. ವಾಸಿಯಾಗುವವರೆಗೆ ಬಂಧನ. ಆದರೆ ಇಟ್ಟದ್ದು ಜೈಲಿನಲ್ಲಿ. ಅಲ್ಲಿ ವಾಸಿ ಮಾಡುವವರು ಯಾರೂ ಇರಲಿಲ್ಲ. ಸುಮಾರು ಮೂವತ್ತು ವರ್ಷ ಹೀಗೇ ಕಳೆಯಿತು.

ಇವನು ಏನು ಕೇಳಿದ ನೋಡಿ. ತಾನು ಹೊರಗೆ ಬಂದರೆ ಅಪಾಯ ಎಂದು ಅವನೇ ಒಪ್ಪಿಕೊಂಡಿದ್ದ. ಬಿಡುಗಡೆ ಕೇಳಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಇಂಥವರಿಗೆ ವಿಶೇಷ ಚಿಕಿತ್ಸೆ ಇದೆ, ಅಲ್ಲಿಗೆ ಕಳಿಸಿ ಎಂದ. ಸರ್ಕಾರ ಆಗಲ್ಲ ಎಂದಿತು. ಹಾಗಾದರೆ ಸಾಯಲು ಬಿಡಿ ಎಂದ. 2014ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು! ದಿನವೂ ಗೊತ್ತಾಯಿತು, 2015ರ ಜನವರಿ 11. ಕೊಲೆಯಾದ ಯುವತಿಯ ಅಕ್ಕತಂಗಿಯರು ವಿರೋಧಿಸಿದರು, ಅವನು ಅಲ್ಲೇ ಇರಲಿ ಎಂದರು. ಸುದ್ದಿ ಹರಡುತ್ತಿದ್ದಂತೆ ಬೇರೆ ಬಂಧಿಗಳೂ ಅದೇ ಅರ್ಜಿ ಹಾಕಲು ಶುರು ಮಾಡಿದರು. ಇನ್ನು ಕೆಲವೇ ದಿನ ಇದೆ ಅನ್ನುವಾಗ ವೈದ್ಯರು ಹಿಂದೆ ಸರಿದರು. ಆಗ ಸರ್ಕಾರ ಅವನನ್ನು ಗೆಂಟ್ ನಗರದಲ್ಲಿ ಹೊಸದಾಗಿ ತೆರೆದಿದ್ದ ಮಾನಸಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸುವುದಾಗಿ ಹೇಳಿತು.

ಚಿಕಿತ್ಸೆ ಕೇಳಿದಾಗ ಜಾಗ ಇರಲಿಲ್ಲ. ಸಾವಿನ ದಿನ ಗೊತ್ತಾಗಿ, ಊರೆಲ್ಲ ಗಲಾಟೆ ಆದಾಗ ಜಾಗ ಸಿಕ್ಕಿತು. ಮಾನಸಿಕ ಅಸ್ವಸ್ಥ ಬಂಧಿಗಳಿಗೆ ಚಿಕಿತ್ಸೆ ಕೊಡದೆ ಜೈಲಲ್ಲಿಟ್ಟದ್ದಕ್ಕೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಬೆಲ್ಜಿಯಂಗೆ ಮತ್ತೆ ಮತ್ತೆ ಛೀಮಾರಿ ಹಾಕಿತ್ತು. 2016ರಲ್ಲಿ ಇದು ಒಬ್ಬಿಬ್ಬರ ಸಮಸ್ಯೆಯಲ್ಲ, ಇಡೀ ವ್ಯವಸ್ಥೆಯದು ಎಂದೇ ತೀರ್ಪು ಕೊಟ್ಟಿತು. ಅಂದರೆ ಅವನ ಯಾತನೆಯಲ್ಲಿ ರೋಗದ ಪಾಲೆಷ್ಟು, ಸರ್ಕಾರದ ಪಾಲೆಷ್ಟು ಅಂತ ಬೇರೆ ಮಾಡೋಕೆ ಆಗುತ್ತಿರಲಿಲ್ಲ. ಯಾತನೆಯ ಒಂದು ಪಾಲನ್ನು ತಾನೇ ಕೊಟ್ಟ ಸರ್ಕಾರ, ಅದೇ ಯಾತನೆಯನ್ನು ತೋರಿಸಿ ಸಾವಿಗೆ ಸಹಿ ಹಾಕಿತ್ತು. ನನಗೆ ತಪ್ಪು ಕಾಣುವುದು ಇಲ್ಲಿ. ದಯಾಮರಣದಲ್ಲಿ ಅಲ್ಲ, ಆ ಸಹಿಯಲ್ಲಿ.

ಇದನ್ನು ಓದಿದ ಮೇಲೆ ನಾನು ನನಗೇ ಒಂದು ಪರೀಕ್ಷೆ ಇಟ್ಟುಕೊಂಡೆ. ಬಂಧಿಯೊಬ್ಬ ಸಾವು ಕೇಳಿದರೆ, ನಾಳೆ ಬೆಳಿಗ್ಗೆ ಬಾಗಿಲು ತೆಗೆದರೂ ಇವನು ಇದನ್ನೇ ಕೇಳುತ್ತಾನಾ? ಕೇಳುತ್ತಾನೆ ಅಂದರೆ ಅವನ ಮಾತು ನಿಮ್ಮ ನನ್ನ ಮಾತಿನಷ್ಟೇ ತೂಕದ್ದು. ಕೇಳೋದಿಲ್ಲ ಅಂದರೆ ಮಾತಾಡುತ್ತಿರುವುದು ಜೈಲು, ಅವನಲ್ಲ. ಇದನ್ನು ಊಹಿಸಿ ಹೇಳೋಕಾಗಲ್ಲ, ಬಾಗಿಲು ತೆಗೆದೇ ನೋಡಬೇಕು. ಜಾಮೀನು, ಪರೋಲ್, ಶಿಕ್ಷೆ ಕಡಿತ, ಹೊರಗಿನ ಆಸ್ಪತ್ರೆ, ಹೀಗೆ ತೆಗೆಯಬಹುದಾದ ಬಾಗಿಲೆಲ್ಲ ಮೊದಲು ತೆಗೆಯಬೇಕು. ಸಾವಿನ ಅರ್ಜಿಯ ಮೇಲೆ ತೀರ್ಮಾನ ಆಗುವ ಹೊತ್ತಿಗೆ ಅವನು ಕೈದಿಯಾಗಿ ಇರಲೇಬಾರದು. ನಾನು ಇವತ್ತು ಹೇಳೋಕೆ ಬಂದದ್ದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಕೆನಡಾದಲ್ಲಿ ಇದೇ ಮಾತನ್ನು ಸರ್ಕಾರದ ಒಳಗಿನವರೇ ಹೇಳಿದ್ದಾರೆ. ಅಲ್ಲಿ 2016ರಿಂದ ವೈದ್ಯರ ನೆರವಿನ ಸಾವು ಕಾನೂನುಬದ್ಧ, ಕೇಂದ್ರ ಸರ್ಕಾರದ ಜೈಲುಗಳಲ್ಲಿರುವವರಿಗೂ ಅನ್ವಯಿಸುತ್ತದೆ. ಕೈದಿಗಳ ದೂರು ಕೇಳುವ ಅಧಿಕಾರಿ ಐವಾನ್ ಝಿಂಗರ್ ಇದನ್ನು ಪರಿಶೀಲಿಸಿದರು. ಒಂದು ಪ್ರಕರಣದಲ್ಲಿ ಕೈದಿಗೆ ಇದ್ದದ್ದು ಎರಡು ವರ್ಷದ ಶಿಕ್ಷೆ. ಯಾರ ಮೇಲೂ ಕೈ ಮಾಡಿದವನಲ್ಲ. ಸಾಯುವ ಕಾಯಿಲೆ. ಪರೋಲ್ ಕೇಳಿದರೆ ಕೊಡಲಿಲ್ಲ. ಸಾವು ಕೇಳಿದಾಗ ಕೊಟ್ಟರು. ಕೈದಿಗಳ ವಿಷಯದಲ್ಲಿ ಇದನ್ನು ಸದ್ಯಕ್ಕೆ ನಿಲ್ಲಿಸಿ ಎಂದು ಝಿಂಗರ್ ತಮ್ಮ ವರದಿಯಲ್ಲಿ ಕೇಳಿಕೊಂಡರು. ಜೈಲಿನಲ್ಲಿ ಯಾರಾದರೂ ಸತ್ತರೆ ಇಲಾಖೆ ತನಿಖೆ ಮಾಡಲೇಬೇಕು ಎಂಬ ನಿಯಮ ಅಲ್ಲಿದೆ. ನೆರವಿನ ಸಾವಿಗೆ ಆ ತನಿಖೆಯಿಂದ ವಿನಾಯಿತಿ ಕೊಟ್ಟಿದ್ದಾರೆ. ವಕೀಲಿಕೆ ಮಾಡುವವಳಾಗಿ ಹೇಳುತ್ತೇನೆ, ಈ ವಿನಾಯಿತಿ ನನಗೆ ಸಾವಿಗಿಂತ ಜಾಸ್ತಿ ಭಯ ಹುಟ್ಟಿಸುತ್ತದೆ.

ನೀವು ಕೇಳಬಹುದು, ಜೈಲೊಂದೇ ಒಬ್ಬನನ್ನು ಸಾವು ಕೇಳುವಂತೆ ಮಾಡುತ್ತದಾ ಅಂತ. 2006ರಲ್ಲಿ ಫ್ರಾನ್ಸ್‌ನ ಕ್ಲೇರ್ವೋ ಜೈಲಿನ ಹತ್ತು ಜೀವಾವಧಿ ಕೈದಿಗಳು ಒಂದು ಪತ್ರ ಬರೆದರು. ಫ್ರಾನ್ಸ್ 1981ರಲ್ಲೇ ಮರಣದಂಡನೆ ರದ್ದು ಮಾಡಿತ್ತು. ನಮಗೆ ಅದನ್ನು ವಾಪಸ್ ಕೊಡಿ ಎಂದು ಇವರು ಕೇಳಿದರು. ಮರುವರ್ಷ ಇಟಲಿಯಲ್ಲಿ 310 ಜೀವಾವಧಿ ಕೈದಿಗಳು ರಾಷ್ಟ್ರಪತಿಗೆ ಇಂಥದ್ದೇ ಪತ್ರ ಬರೆದರು. ದಿನಾ ಸ್ವಲ್ಪ ಸ್ವಲ್ಪ ಸಾಯುವುದಕ್ಕಿಂತ ಒಂದೇ ಸಲ ಸಾಯುವುದು ಮೇಲು ಎಂಬುದು ಅವರ ಮಾತಿನ ಸಾರ. ಇವರಲ್ಲಿ ಯಾರಿಗೂ ಕ್ಯಾನ್ಸರ್ ಇತ್ತು ಅಂತ ಬರೆದಿರಲಿಲ್ಲ. ಬೇಸತ್ತದ್ದು ಹೊರಗೆ ಬರುವ ದಿನವೇ ಇಲ್ಲದ ಶಿಕ್ಷೆಯಿಂದ.

ಅಂಥ ಶಿಕ್ಷೆ ನಮ್ಮಲ್ಲೂ ಇದೆ. ಅದು ಗಟ್ಟಿಯಾದದ್ದು ಕರ್ನಾಟಕದ ಒಂದು ಪ್ರಕರಣದಿಂದಲೇ. 2008ರಲ್ಲಿ ಶ್ರದ್ಧಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗಲ್ಲು ತಪ್ಪಿಸಿತು. ಬದಲಿಗೆ ಉಸಿರಿರುವವರೆಗೆ ಜೈಲು, ಕಡಿತ ಇಲ್ಲ ಎಂದಿತು. 2015ರಲ್ಲಿ ಇನ್ನೂ ದೊಡ್ಡ ಪೀಠ ಇದನ್ನು ಎತ್ತಿಹಿಡಿಯಿತು. ಗಲ್ಲು ಬೇಡ ಎನ್ನುವವಳು ನಾನು, ಹಾಗಾಗಿ ಈ ತೀರ್ಪು ಬಂದಾಗ ಖುಷಿಪಟ್ಟವರಲ್ಲಿ ನಾನೂ ಇದ್ದೆ. ಆದರೆ ಇಪ್ಪತ್ತೈದನೇ ವಯಸ್ಸಿಗೆ ಒಳಗೆ ಹೋದವನಿಗೆ ಎಪ್ಪತ್ತರಲ್ಲಿ ಏನು ಉತ್ತರ ಕೊಡುತ್ತೇವೆ ಎಂಬುದನ್ನು ನಾವು ಯಾರೂ ಯೋಚಿಸಿಲ್ಲ.

ಇಲ್ಲಿ ಸ್ವಲ್ಪ ಆಚೆ ಹೋಗಿ ಬರುತ್ತೇನೆ. ಶಿಕಾರಿಪುರ ಕಡೆಯವರು ಯಾರಾದರೂ ಇದ್ದೀರಾ? ಈಸೂರಿನ ಕಥೆ ನಿಮಗೆ ಹೇಳಬೇಕಾಗಿಲ್ಲ. 1942ರಲ್ಲಿ ನಾವು ಸ್ವತಂತ್ರ ಎಂದು ಘೋಷಿಸಿಕೊಂಡ ಊರು. ಮರುವರ್ಷ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು. ಗಲ್ಲಿನ ನಿಯಮಗಳನ್ನು ಯಾವಾಗಲಾದರೂ ಓದಿ ನೋಡಿ. ಗಲ್ಲಿಗೆ ಮುಂಚೆ ಕೈದಿಯನ್ನು ವೈದ್ಯರು ಪರೀಕ್ಷಿಸಬೇಕು, ದೇಹ ಮನಸ್ಸು ಎರಡೂ ಸರಿ ಇರಬೇಕು. ಅಮೆರಿಕದಲ್ಲಿ 1977ರಲ್ಲಿ ಗುಂಡಿಕ್ಕಿ ಕೊಲ್ಲಲಾದ ಗ್ಯಾರಿ ಗಿಲ್ಮೋರ್ ತಾನೇ ಮೇಲ್ಮನವಿ ಬೇಡ, ಶಿಕ್ಷೆ ಜಾರಿ ಮಾಡಿ ಎಂದಿದ್ದವನು. ಕಾಯುತ್ತಿದ್ದಾಗ ಎರಡು ಸಲ ಸಾಯಲು ಪ್ರಯತ್ನಿಸಿದ. ಎರಡೂ ಸಲ ಆಸ್ಪತ್ರೆಗೆ ಒಯ್ದು ಉಳಿಸಿದರು. ಆಮೇಲೆ ಕೊಂದರು. ಕೈದಿಯ ದೇಹ ತನ್ನದು ಎಂದು ಸರ್ಕಾರ ಎಷ್ಟು ಗಟ್ಟಿಯಾಗಿ ನಂಬಿದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಕೈದಿಗೆ ಸಾಯುವ ಹಕ್ಕೇ ಬೇಡ ಎನ್ನುವವರಲ್ಲಿ ಹಲವರು ಈ ನಂಬಿಕೆಯ ಮೇಲೆಯೇ ನಿಂತು ಮಾತಾಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. "ಅವನು ಶಿಕ್ಷೆ ಅನುಭವಿಸಲಿ, ಅಷ್ಟು ಸುಲಭವಾಗಿ ಯಾಕೆ ಸಾಯಬೇಕು" ಎನ್ನುತ್ತಾರೆ. ನ್ಯಾಯಾಧೀಶರು ಕೊಟ್ಟದ್ದು ಜೈಲು, ಕ್ಯಾನ್ಸರ್ ಅಲ್ಲ. ಸ್ವಾತಂತ್ರ್ಯ ಕಿತ್ತುಕೊಳ್ಳುವುದು ಶಿಕ್ಷೆ. ನೋವು ಶಿಕ್ಷೆಯಲ್ಲಿ ಸೇರಿಲ್ಲ.

ಇದಕ್ಕೆ ಸ್ಪೇನ್ ದೇಶದ ಪ್ರಕರಣ ನೋಡಿ. ಅಲ್ಲಿ 2021ರಲ್ಲಿ ದಯಾಮರಣದ ಕಾನೂನು ಬಂತು. ಅದೇ ಡಿಸೆಂಬರ್‌ನಲ್ಲಿ ತರಗೋನಾ ನಗರದಲ್ಲಿ ಮರಿನ್ ಯುಜೆನ್ ಸಬೌ ಎಂಬಾತ ತಾನು ಹಿಂದೆ ಕೆಲಸ ಮಾಡಿದ್ದ ಸೆಕ್ಯುರಿಟಿ ಕಂಪನಿಗೆ ನುಗ್ಗಿ ಮೂವರಿಗೆ ಗುಂಡು ಹೊಡೆದ. ತಪ್ಪಿಸಿಕೊಳ್ಳುವಾಗ ಒಬ್ಬ ಪೊಲೀಸನಿಗೂ ಹೊಡೆದ. ಪೊಲೀಸರ ಗುಂಡು ಇವನ ಬೆನ್ನುಹುರಿಗೆ ಬಿತ್ತು. ದೇಹ ಸ್ವಾಧೀನ ತಪ್ಪಿತು, ಒಂದು ಕಾಲು ತೆಗೆಯಬೇಕಾಯಿತು. ವಿಚಾರಣೆ ಶುರುವಾಗುವ ಮುಂಚೆಯೇ ದಯಾಮರಣ ಕೇಳಿದ. ಗುಂಡು ತಿಂದವರು ಕೋರ್ಟಿಗೆ ಹೋದರು. ಇವನು ಸತ್ತರೆ ಕೇಸು ಮುಗಿಯುತ್ತದೆ, ನಮಗೆ ನ್ಯಾಯ ಎಲ್ಲಿ ಎಂದು ಕೇಳಿದರು. ಕೋರ್ಟುಗಳು ತಡೆ ಕೊಡಲಿಲ್ಲ. 2022ರ ಆಗಸ್ಟ್ 23ರಂದು ಅವನಿಗೆ ದಯಾಮರಣ ಕೊಟ್ಟರು.

ನನ್ನ ಪರೀಕ್ಷೆಯಲ್ಲಿ ಇದು ಪಾಸಾಗುತ್ತದೆ. ಬಾಗಿಲು ತೆಗೆದಿದ್ದರೂ ಅವನು ಎದ್ದು ನಡೆಯುತ್ತಿರಲಿಲ್ಲ, ನೋವು ಹೋಗುತ್ತಿರಲಿಲ್ಲ. ಹಾಗಂತ ಗುಂಡು ತಿಂದವರ ಮಾತು ಸಣ್ಣದಲ್ಲ. ಎಂಟು ತಿಂಗಳು ಸಮಯ ಇತ್ತು. ಅಷ್ಟರಲ್ಲಿ ವಿಚಾರಣೆ ಮುಗಿಸಬಹುದಿತ್ತು ಅನ್ನೋದು ನನ್ನ ಅಭಿಪ್ರಾಯ. ಕೋರ್ಟಿನ ನಿಧಾನಕ್ಕೆ ಅವನ ನೋವಿನಲ್ಲಿ ಬೆಲೆ ಕಟ್ಟಿಸುವುದು ಸರಿಯಲ್ಲ. ಗುಂಡು ತಿಂದವರು ಕೇಳಬೇಕಾದದ್ದು ಅವನ ಆಯುಸ್ಸನ್ನಲ್ಲ, ಬೇಗ ವಿಚಾರಣೆಯನ್ನು.

ಸ್ವಿಟ್ಜರ್ಲೆಂಡ್‌ನದು ಇನ್ನೊಂದು ರೀತಿ. ಅಲ್ಲಿನ ದಂಡಸಂಹಿತೆ ಜಾರಿಗೆ ಬಂದ 1942ರಿಂದಲೂ ಸ್ವಾರ್ಥ ಇಲ್ಲದಿದ್ದರೆ ಸಾಯಲು ನೆರವಾಗುವುದು ಅಪರಾಧ ಅಲ್ಲ. 2018ರಲ್ಲಿ ಒಬ್ಬ ಬಂಧಿ ಈ ನೆರವು ಕೊಡುವ ಎಕ್ಸಿಟ್ ಸಂಸ್ಥೆಗೆ ಪತ್ರ ಬರೆದ. ಅವನದು ಅಪಾಯಕಾರಿ ಎಂಬ ಕಾರಣಕ್ಕೆ ಕೊನೆಯಿಲ್ಲದ ಬಂಧನ. ಅಲ್ಲಿಂದ ಚರ್ಚೆ ಶುರುವಾಯಿತು. 2020ರಲ್ಲಿ ಪ್ರಾಂತ್ಯಗಳು ತಾತ್ವಿಕವಾಗಿ ಒಪ್ಪಿದವು. 2023ರಲ್ಲಿ ಬೇರೊಬ್ಬ ಬಂಧಿ ಎಕ್ಸಿಟ್ ನೆರವಿನಿಂದ ಸತ್ತ. ಅಲ್ಲಿನವರ ವಾದ ಸರಳ. ಹೊರಗಿನವರಿಗೆ ಸಿಗುವ ಆರೈಕೆ ಒಳಗಿನವರಿಗೂ ಸಿಗಬೇಕು. ಕೈದಿಗಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ಹೇಳುವ ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳೂ ಆರೋಗ್ಯದ ವಿಷಯದಲ್ಲಿ ಇದನ್ನೇ ಹೇಳುತ್ತವೆ. ಕೇಳೋಕೆ ಚೆನ್ನಾಗಿದೆ. ಆದರೆ ಹೊರಗಿನ ಆರೈಕೆಯ ಪಟ್ಟಿಯಲ್ಲಿ ಸಾವು ಕೊನೆಯದು. ಹಲ್ಲುನೋವಿನ ಡಾಕ್ಟರು, ನಿದ್ದೆ ಮಾತ್ರೆ, ಮಾತಾಡಿಸೋಕೆ ಒಬ್ಬ ಮನೋವೈದ್ಯ, ಮಕ್ಕಳು ಪಕ್ಕದಲ್ಲಿ ಕೂರುವುದು, ಇವೆಲ್ಲ ಮುಂಚೆ ಬರುತ್ತವೆ. ಸಮಾನತೆಯನ್ನು ಪಟ್ಟಿಯ ತುದಿಯಿಂದ ಶುರು ಮಾಡಬಾರದು.

ನಿಜಕ್ಕೂ ಅಪಾಯಕಾರಿಯಾದ, ಬಾಗಿಲು ತೆಗೆಯಲೇ ಆಗದ ಬಂಧಿಯ ವಿಷಯದಲ್ಲಿ ನನ್ನ ಪರೀಕ್ಷೆ ಒದ್ದಾಡುತ್ತದೆ. ಅದು ನನಗೆ ಗೊತ್ತು. ಅಂಥ ಕಡೆ ಬಂಧನವನ್ನು ಬಿಟ್ಟು ಬೇರೆಲ್ಲವನ್ನೂ ಸಡಿಲಿಸಿ ನೋಡಬೇಕು. ಬೇರೆ ಜಾಗ, ಸರಿಯಾದ ಚಿಕಿತ್ಸೆ, ಮನೆಯವರ ಭೇಟಿ, ಒಂದಷ್ಟು ಕಾಲ. ಆಮೇಲೂ ಅವನು ಅದನ್ನೇ ಕೇಳಿದರೆ ಅವನ ಮಾತನ್ನು ನಂಬಬೇಕು. ಬೆಲ್ಜಿಯಂನಲ್ಲೇ ಐದು ಮಕ್ಕಳನ್ನು ಕೊಂದ ತಾಯಿ ಜೆನೆವಿಯೆವ್ ಲೆರ್ಮಿಟ್ 2019ರಲ್ಲಿ ಜೈಲಿನಿಂದ ಮಾನಸಿಕ ಆಸ್ಪತ್ರೆಗೆ ಹೋಗಿದ್ದರು. 2023ರ ಫೆಬ್ರವರಿ 28ರಂದು, ಮಕ್ಕಳು ಸತ್ತು ಹದಿನಾರು ವರ್ಷ ತುಂಬಿದ ದಿನ, ದಯಾಮರಣ ಪಡೆದರು. ಬಾಗಿಲು ತೆಗೆದ ಮೇಲೂ ಕೇಳಿದವರು ಅವರು. ನನ್ನ ಲೆಕ್ಕದಲ್ಲಿ ಸರಿಯಾಗೇ ಇದೆ. ಆದರೂ ಆ ದಿನಾಂಕ ನೋಡಿದಾಗ ನನಗೆ ಸಮಾಧಾನ ಆಗೋದಿಲ್ಲ. ಆಕೆ ತನಗೆ ತಾನೇ ಮರಣದಂಡನೆ ಕೊಟ್ಟುಕೊಂಡರಾ, ವೈದ್ಯರು ಅದನ್ನು ಜಾರಿ ಮಾಡಿದರಾ ಎಂಬ ಅನುಮಾನ ಉಳಿದೇ ಇದೆ.

ನಮ್ಮ ಪರಂಪರೆಯಲ್ಲಿ ಬಯಸಿ ಸಾಯುವುದು ಇಲ್ಲವಾ ಅಂತ ಒಬ್ಬರು ಚೀಟಿ ಕಳಿಸಿದ್ದಾರೆ. ಇದೆ. ಜೈನರ ಹೊಂಬುಜ ನಮ್ಮ ಜಿಲ್ಲೆಯಲ್ಲೇ ಇದೆ, ಊಟ ಬಿಡುತ್ತಾ ಬಂದು ಸಾವನ್ನು ಬರಮಾಡಿಕೊಳ್ಳುವ ಸಲ್ಲೇಖನ ವ್ರತದ ಬಗ್ಗೆ ನಿಮಗೆ ಗೊತ್ತು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟು ಅದನ್ನು ಅಪರಾಧ ಎಂದಿತ್ತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಸಲ್ಲೇಖನ ತೆಗೆದುಕೊಳ್ಳುವವರು ಗುರುವಿನ ಒಪ್ಪಿಗೆ ಕೇಳಬೇಕು. ಎಲ್ಲರಲ್ಲೂ ಕ್ಷಮೆ ಕೇಳಿ, ಋಣ ಕಳೆದುಕೊಂಡಿರಬೇಕು. ಕಷ್ಟಕ್ಕೆ ಹೆದರಿ ಬೇಗ ಸಾಯಬೇಕು ಅಂತ ಆಸೆಪಟ್ಟರೆ ಅದು ವ್ರತಕ್ಕೆ ದೋಷ. ಅಂದರೆ ಅದು ತನ್ನ ಇಷ್ಟಕ್ಕೆ ಬದುಕುತ್ತಿರುವವರ ವ್ರತ. ಜೈಲಿಗೆ ಅದನ್ನು ಎಳೆದು ತರೋದು ಬೇಡ ಅನ್ನಿಸುತ್ತದೆ.

ಜೈಲಿನಲ್ಲಿ ಊಟ ಬಿಡುವುದು ಬೇರೆಯದೇ. ಜತೀಂದ್ರನಾಥ ದಾಸ್ 1929ರಲ್ಲಿ ಲಾಹೋರ್ ಜೈಲಿನಲ್ಲಿ 63 ದಿನ ಉಪವಾಸ ಮಾಡಿ ಸತ್ತರು. ಅವರು ಕೇಳಿದ್ದು ಸಾವಲ್ಲ, ಕೈದಿಗಳನ್ನು ಮನುಷ್ಯರಂತೆ ನೋಡಿ ಎಂದು. ಮಣಿಪುರದ ಇರೋಮ್ ಶರ್ಮಿಳಾ, ಸೇನೆಗೆ ವಿಶೇಷ ಅಧಿಕಾರ ಕೊಡುವ ಕಾನೂನು ರದ್ದಾಗಲಿ ಎಂದು 2000ದಿಂದ 2016ರವರೆಗೆ ಉಪವಾಸ ಮಾಡಿದರು. ಅವರ ಮೇಲೆ ಆತ್ಮಹತ್ಯೆ ಯತ್ನದ ಕೇಸು ಹಾಕಿ, ಆಸ್ಪತ್ರೆಯ ಕೋಣೆಯನ್ನೇ ಜೈಲು ಮಾಡಿ, ಮೂಗಿನ ಕೊಳವೆಯಲ್ಲಿ ಆಹಾರ ಹಾಕಿದರು. ನನಗೆ ಬದುಕು ಇಷ್ಟ, ಇದು ಆತ್ಮಹತ್ಯೆ ಅಲ್ಲ ಎಂದು ಅವರು ಕೋರ್ಟಿನಲ್ಲಿ ಹೇಳುತ್ತಲೇ ಇದ್ದರು. ಸ್ವಬುದ್ಧಿಯಿಂದ ಉಪವಾಸ ಮಾಡುವ ಕೈದಿಗೆ ಬಲವಂತವಾಗಿ ಉಣಿಸಬಾರದು ಎಂದು ಜಾಗತಿಕ ವೈದ್ಯ ಸಂಘ 1991ರ ಮಾಲ್ಟಾ ಘೋಷಣೆಯಲ್ಲಿ ಹೇಳಿದೆ. ನಮ್ಮಲ್ಲಿ ಹೊಸ ನ್ಯಾಯ ಸಂಹಿತೆ 2024ರ ಜುಲೈನಿಂದ ಜಾರಿಗೆ ಬಂದಾಗ ಆತ್ಮಹತ್ಯೆ ಯತ್ನದ ಹಳೇ 309ನೇ ಸೆಕ್ಷನ್ ಹೋಯಿತು. ಆದರೆ 226 ಎಂಬ ಹೊಸದೊಂದು ಬಂತು. ಸರ್ಕಾರಿ ಅಧಿಕಾರಿಯನ್ನು ಬಗ್ಗಿಸಲು ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಶಿಕ್ಷೆ. ಔಷಧಿ ಕೊಡಿ ಎಂದು ಊಟ ಬಿಟ್ಟ ಕೈದಿಯ ಮೇಲೆ ಇದನ್ನು ಹಾಕಿದರೆ ಏನಾಗುತ್ತದೆ, ಕಾನೂನು ವಿದ್ಯಾರ್ಥಿಗಳು ಯೋಚಿಸಿ.

ನಾನು ಕಂಡದ್ದೊಂದನ್ನು ಹೇಳುತ್ತೇನೆ. ಯಾವ ಜೈಲು, ಯಾವ ವರ್ಷ ಅಂತ ಬೇಡ. ಉಚಿತ ಕಾನೂನು ನೆರವಿಗೆ ಹೋಗುತ್ತಿದ್ದಾಗ ಹೊಸನಗರ ಕಡೆಯ ಒಬ್ಬರು ಸಿಕ್ಕರು. ಅರವತ್ತು ದಾಟಿದವರು, ಸಣ್ಣ ಅಡಿಕೆ ತೋಟ. ಬೇಲಿ ಜಗಳದಲ್ಲಿ ಒಂದು ಜೀವ ಹೋಗಿತ್ತು. ಇವರು ವಿಚಾರಣಾಧೀನ ಕೈದಿ. ಕಿಡ್ನಿ ಹೋಗಿತ್ತು, ವಾರಕ್ಕೆ ಎರಡು ಸಲ ಡಯಾಲಿಸಿಸ್. ಒಂದು ದಿನ "ಸಾಕಾತಮ್ಮ, ಇನ್ನು ನಾನು ಡಯಾಲಿಸಿಸ್‌ಗೆ ಹೋಗೋದಿಲ್ಲ, ಹಾಗೆ ಬರ್ಕೊಳ್ಳಿ" ಎಂದರು. ಚಿಕಿತ್ಸೆ ಬೇಡ ಅನ್ನುವುದು ಅವರ ಹಕ್ಕು. ಬರೆದುಕೊಳ್ಳಲು ಪೆನ್ನು ತೆಗೆದೆ. ಯಾಕೆ ಅಂತ ಕೇಳಿದೆ. ಸುಮ್ಮನೆ ಕೂತರು. ಆಮೇಲೆ ಕೈ ಮುಂದೆ ಮಾಡಿ ತೋರಿಸಿದರು. ಆಸ್ಪತ್ರೆಗೆ ಕರೆದೊಯ್ಯುವಾಗ ಕೋಳ ಹಾಕುತ್ತಿದ್ದರು. ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆಯೂ ಒಂದು ಕೈ ಮಂಚಕ್ಕೆ ಕಟ್ಟಿರುತ್ತಿತ್ತು. ಹಿಂದಿನ ವಾರ ಅಲ್ಲಿಗೆ ಅವರ ಊರಿನ ಮೇಷ್ಟ್ರು ಯಾರನ್ನೋ ನೋಡಲು ಬಂದಿದ್ದರಂತೆ. ಇವರನ್ನು ನೋಡಿ, ಮಾತಾಡಿಸದೆ ಹೋದರಂತೆ.

ಕೋಳ ಹಾಕುವುದು ರೂಢಿಯಾಗಬಾರದು, ಕಾರಣ ಬರೆದಿಡಬೇಕು ಎಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಆಸ್ಪತ್ರೆಯ ಮಂಚಕ್ಕೆ ಕೈದಿಯನ್ನು ಕಟ್ಟುವುದನ್ನು 1995ರಲ್ಲಿ ಖಂಡಿಸಿದೆ. ಹೊಸ ಕಾನೂನಿನಲ್ಲಿ ಕೆಲವು ಅಪರಾಧಗಳಿಗೆ ಕೋಳಕ್ಕೆ ಅವಕಾಶ ಕೊಟ್ಟಿದ್ದಾರೆ, ಅದು ಬೇರೆ ಮಾತು. ನಾವು ಮ್ಯಾಜಿಸ್ಟ್ರೇಟರಿಗೆ ಒಂದು ಪುಟದ ಅರ್ಜಿ ಹಾಕಿದೆವು. ಕೋಳ ತೆಗೆದರು. ಅವರು ಮತ್ತೆ ಡಯಾಲಿಸಿಸ್‌ಗೆ ಹೋಗಲು ಶುರು ಮಾಡಿದರು. ಮುಂದೆ ಕಾಯಿಲೆಯ ಆಧಾರದ ಮೇಲೆ ಜಾಮೀನೂ ಸಿಕ್ಕಿತು. ಕಾಯಿಲೆಯವರಿಗೆ, ಅಶಕ್ತರಿಗೆ ಗಂಭೀರ ಅಪರಾಧದಲ್ಲೂ ಜಾಮೀನು ಕೊಡಬಹುದು ಎಂದು ಕಾನೂನಿನಲ್ಲೇ ಇದೆ, ಕೇಳುವವರು ಬೇಕು ಅಷ್ಟೇ.

ಇದೇ ಮಾತನ್ನು ದೇಶವೆಲ್ಲ ಕೇಳುವಂತೆ ಹೇಳಿದವರು ಸ್ಟಾನ್ ಸ್ವಾಮಿ. ಹಿಂದೆ ಬೆಂಗಳೂರಿನಲ್ಲೂ ವರ್ಷಗಟ್ಟಲೆ ಕೆಲಸ ಮಾಡಿದ್ದ ಪಾದ್ರಿ. 83ನೇ ವಯಸ್ಸಿನಲ್ಲಿ, 2020ರ ಅಕ್ಟೋಬರ್‌ನಲ್ಲಿ ಬಂಧನವಾಯಿತು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು. ನೀರು ಕುಡಿಯಲು ಸ್ಟ್ರಾ ಇರುವ ಲೋಟಕ್ಕೂ ಕೋರ್ಟಿನಲ್ಲಿ ಅರ್ಜಿ ಹಾಕಬೇಕಾಯಿತು. 2021ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟು ಆಸ್ಪತ್ರೆಗೆ ಸೇರಿಸಲೇ ಎಂದು ಕೇಳಿತು. ಬೇಡ, ಇಲ್ಲೇ ಸಾಯುತ್ತೇನೆ, ನನ್ನ ಜನರ ಜೊತೆ ಇರೋಕೆ ಬಿಡಿ ಎಂಬರ್ಥದ ಉತ್ತರ ಕೊಟ್ಟರು. ಜುಲೈ 5ರಂದು ಜಾಮೀನು ಅರ್ಜಿ ಬಾಕಿ ಇರುವಾಗಲೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಉತ್ತರದ ಮೊದಲ ಅರ್ಧ ಮಾತ್ರ ಕೇಳಿಸಿಕೊಂಡರೆ ಸಾವು ಕೇಳಿದಂತೆ ಕಾಣುತ್ತದೆ. ಎರಡನೇ ಅರ್ಧದಲ್ಲಿ ಅವರು ಕೇಳಿದ್ದು ಮನೆ.

2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು. ಅವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಜನ ವಿಚಾರಣಾಧೀನರು, ಇನ್ನೂ ಅಪರಾಧ ಸಾಬೀತಾಗದವರು. ನಾಳೆ ನಮ್ಮಲ್ಲೂ ನೆರವಿನ ಸಾವಿನ ಕಾನೂನು ಬರಬಹುದು. ಬರಲಿ ಎನ್ನುವವರಲ್ಲಿ ನಾನೂ ಒಬ್ಬಳು. ಆಗ ಈ ಲಕ್ಷಾಂತರ ಜನರಿಗೆ ಅದು ಜಾಮೀನಿಗಿಂತ ಬೇಗ ಸಿಗುವಂತಾಗಬಾರದು. ಸಾವಿನ ಅರ್ಜಿ ಹಾಕಿದ ದಿನವೇ ಬಿಡುಗಡೆಯ ಅರ್ಜಿಯೂ ತಾನಾಗಿ ಕೋರ್ಟಿಗೆ ಹೋಗಬೇಕು. ಮೊದಲು ಅದರ ತೀರ್ಮಾನ ಆಗಬೇಕು. ಪರೀಕ್ಷಿಸುವ ವೈದ್ಯರು ಜೈಲಿನ ಸಂಬಳದವರಾಗಿರಬಾರದು. ಸಾವಿನ ನಂತರ ತನಿಖೆ ಆಗಲೇಬೇಕು, ಕೆನಡಾದ ವಿನಾಯಿತಿ ನಮಗೆ ಬೇಡ.

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದರು, "ಈಗಿರೋ ಕಾನೂನಿನಲ್ಲೇ ಕೈದಿಗೆ ಏನು ಮಾಡಬಹುದು ಮೇಡಂ?" ಒಳ್ಳೆ ಪ್ರಶ್ನೆ. ಜೈಲಿಗೆ ಹೋದ ಮಾತ್ರಕ್ಕೆ ಮೂಲಭೂತ ಹಕ್ಕುಗಳು ಹೋಗುವುದಿಲ್ಲ ಎಂದು ಸುನಿಲ್ ಬಾತ್ರಾ ಪ್ರಕರಣದಲ್ಲಿ 1978ರಲ್ಲೇ ತೀರ್ಮಾನ ಆಗಿದೆ. ಹಾಗಾಗಿ ಕೊನೆಗಾಲದ ಚಿಕಿತ್ಸೆಯ ಬಗ್ಗೆ ಕೈದಿಯೂ ಬರೆದಿಡಬಹುದು. ಇಬ್ಬರು ಸಾಕ್ಷಿಗಳು ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ತೊಡಕು ಇಲ್ಲೇ ಇದೆ. ಜೈಲಿನಲ್ಲಿ ಕೈಗೆ ಸಿಗುವ ಅಧಿಕಾರಿ ಅಂದರೆ ಜೈಲಿನವರೇ, ಸಾಕ್ಷಿ ಅಂದರೆ ಪಕ್ಕದ ಬ್ಯಾರಕ್‌ನವನು ಇಲ್ಲವೇ ವಾರ್ಡರ್. ಕೀಲಿ ಹಿಡಿದವರು ಈ ಕಾಗದಕ್ಕೆ ಸಹಿ ಹಾಕಬಾರದು. ಹೊರಗಿನ ನೋಟರಿ ಒಳಗೆ ಹೋಗಬೇಕು. ತಾನು ಮಾತಾಡಲಾಗದಾಗ ಯಾರು ನಿರ್ಧರಿಸಬೇಕು ಎಂಬಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಹೆಸರು ಬರೆಸಬೇಕು. ಮನೆಯವರು ಬಿಟ್ಟುಹೋಗಿದ್ದರೆ ನಂಬಿಕೆಯ ಗೆಳೆಯನ ಹೆಸರಾದರೂ ಇರಲಿ. ಕಾಗದದ ಒಂದು ಪ್ರತಿ ಹೊರಗೆ ಅವರ ಬಳಿಯೇ ಇರಬೇಕು.

ಇದಕ್ಕೆಲ್ಲ ದುಡ್ಡು ಯಾರು ಕೊಡುತ್ತಾರೆ ಅಂತ ಅದೇ ಸಾಲಿನಿಂದ ಇನ್ನೊಬ್ಬರು ಕೇಳಿದರು. ಬಂಧನದಲ್ಲಿರುವ ಯಾರೇ ಆಗಲಿ ಉಚಿತ ಕಾನೂನು ನೆರವಿಗೆ ಅರ್ಹರು. ಬಡವನಾ, ಶ್ರೀಮಂತನಾ ಅಂತ ಕೇಳುವಂತಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ನೋಡಿ. ಜಿಲ್ಲಾ ಪ್ರಾಧಿಕಾರಕ್ಕೆ ಕೈದಿ ಒಂದು ಪತ್ರ ಬರೆದರೆ ಸಾಕು. ಬರೆಯಲು ಬಾರದಿದ್ದರೆ ಅವನ ಪರವಾಗಿ ನೀವು ಬರೆಯಬಹುದು.